ಅಂಚಿನಲ್ಲಿ ಬರೆದ ಮಾತು

ಅಕ್ಟೋಬರ್ 2, ಸೋಮವಾರ

ಡೀನ್ ಎಲ್ಡನ್ ಕೊರ್ವರ್ ಇವತ್ತು ನನ್ನ ಕೋಣೆಗೆ ಬಂದು ಕೂತ. ಅವನು ಕೂತನೆಂದರೆ ಕೆಟ್ಟ ಸುದ್ದಿಯೇ. ಒಳ್ಳೆಯ ಸುದ್ದಿಯಾದರೆ ಬಾಗಿಲಲ್ಲೇ ನಿಂತು ಹೇಳಿ ಹೋಗುತ್ತಾನೆ.

"ವೆಂಡೆಲ್, ಆಡಳಿತ ಮಂಡಳಿಯವರು ಒಂದು ಪುಟ ಕೇಳ್ತಿದಾರೆ. ಕ್ರೈಸ್ತ ಕಾಲೇಜಲ್ಲಿ ತತ್ವಶಾಸ್ತ್ರ ಓದೋದರ ಗುರಿ ಏನು ಅಂತ. ಡಿಸೆಂಬರ್ ಏಳಕ್ಕೆ ಸಭೆ."

"ಮೂವತ್ತೊಂದು ವರ್ಷದಿಂದ ಯಾರೂ ಕೇಳಿರ್ಲಿಲ್ವಲ್ಲ."

"ಈಗ ಕೇಳ್ತಿದಾರೆ. ಎಲ್ಲಾ ಹುಡುಗರಿಗೂ ಯಾಕೆ ಕಡ್ಡಾಯ, ಅದರಿಂದ ಏನು ಪ್ರಯೋಜನ ಅಂತ. ಮಂಡಳೀಲಿ ಅರ್ಧ ಜನ ದನ ಸಾಕೋರು, ಇನ್ನರ್ಧ ಪಾದ್ರಿಗಳು. ಇಬ್ಬರಿಗೂ ಅರ್ಥ ಆಗೋ ಹಾಗೆ ಬರಿ ಮಾರಾಯ, ನಿನ್ನ ಕೊಂಕು ಮಾತೆಲ್ಲ ಬಿಟ್ಟು."

ಕಡ್ಡಾಯ ತೆಗೆದರೆ ನನ್ನ ವಿಭಾಗ ಮುಗಿದಂತೆ. ವಿಭಾಗವೆಂದರೆ ಬೇರೆ ಯಾರೂ ಇಲ್ಲ, ನಾನೊಬ್ಬನೇ. ತಾವಾಗಿ ತತ್ವಶಾಸ್ತ್ರ ಓದಬೇಕೆಂದು ಬರುವವರು ಅಯೋವಾ ರಾಜ್ಯದ ಈ ಮೂಲೆಯಲ್ಲಿ ವರ್ಷಕ್ಕೆ ಇಬ್ಬರು ಸಿಕ್ಕರೆ ಹೆಚ್ಚು.

ಮೊದಲ ಕರಡು ಬರೆದೆ: "ಆಡಳಿತ ಮಂಡಳಿಯವರು ಕೇಳುವಂಥ ಪ್ರಶ್ನೆಗಳನ್ನು ಕೇಳದಿರುವಂತೆ ವಿದ್ಯಾರ್ಥಿಗಳನ್ನು ತಯಾರು ಮಾಡುವುದು." ಒಬ್ಬನೇ ಹೊಟ್ಟೆ ತುಂಬ ನಕ್ಕು, ಹರಿದು ಹಾಕಿದೆ.

ಅಕ್ಟೋಬರ್ 8, ಭಾನುವಾರ

ಚರ್ಚಿನಿಂದ ಬಂದು ಊಟ ಮಾಡಿ ಓದುವ ಕೋಣೆಯ ಬಾಗಿಲು ಹಾಕಿಕೊಂಡೆ. ನಾನು ಮಲಗಿದ್ದೇನೆಂದು ಹೆಂಡತಿ ಆರ್ಲೀನ್ ತಿಳಿದಿದ್ದಾಳೆ. ನಲವತ್ತು ಪ್ರಬಂಧಗಳನ್ನು ತಿದ್ದಿದೆ. ಈ ಊರಿನಲ್ಲಿ ಭಾನುವಾರ ಬಟ್ಟೆ ಒಣಹಾಕಿದರೂ ಚರ್ಚಿನ ಹಿರಿಯರು ಮನೆಗೆ ಬಂದು ವಿಚಾರಿಸುತ್ತಾರೆ. ನಾನು ಎಷ್ಟೋ ವರ್ಷಗಳಿಂದ ಭಾನುವಾರದ ಮಧ್ಯಾಹ್ನ ಕೆಂಪು ಶಾಯಿ ಹಿಡಿದು ಕೂತಿದ್ದೇನೆ, ಆಕಾಶವೇನೂ ಕಳಚಿ ಬಿದ್ದಿಲ್ಲ.

ಎಲ್ಲದರಲ್ಲಿ ಚೆನ್ನಾಗಿದ್ದದ್ದು ಡ್ವೈಟ್ ವೈಬೆಂಗಾ ಬರೆದದ್ದು. ಭಾನುವಾರದ ವಿರಾಮದ ಬಗ್ಗೆ. ಹಸು ಕರು ಹಾಕುವಾಗ ಭಾನುವಾರವೆಂದು ನಾವು ಕೈಕಟ್ಟಿ ನಿಲ್ಲುವುದಿಲ್ಲ, ಹಾಗಿರುವಾಗ ಹೊಲದಲ್ಲಿ ಫಸಲು ಕೊಳೆಯುತ್ತಿದ್ದರೆ ಯಾಕೆ ನಿಲ್ಲಬೇಕು ಎಂದು ವಾದಿಸಿದ್ದಾನೆ. ಹುಡುಗನಿಗೆ ತಲೆಯಿದೆ. ಅವನು ಹೇಳಿದ್ದನ್ನೇ ನಾನೂ ಒಪ್ಪುತ್ತೇನೆ. ಆದರೆ ಒಪ್ಪಿದೆನೆಂದು ಬರೆದರೆ ಅವನು ಅಲ್ಲಿಗೇ ನಿಂತುಬಿಡುತ್ತಾನೆ. ಅಂಚಿನಲ್ಲಿ ಬರೆದೆ: "ಅನುಕೂಲ ತಪ್ಪಿದ ದಿನವೇ ಕೈಬಿಡುವುದಾದರೆ ಅದು ತತ್ವವಲ್ಲ, ಬರೀ ಅಭ್ಯಾಸ. ನಿನ್ನ ಮನೆಯವರದು ಯಾವುದು?"

ಒಳ್ಳೇ ಏಟು. ಬರೆದ ಮೇಲೆ ಎರಡು ಸಲ ಓದಿಕೊಂಡೆ.

ಅಕ್ಟೋಬರ್ 11, ಬುಧವಾರ

ತರಗತಿಯ ಪ್ರಾರ್ಥನೆಯನ್ನು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸಿದೆ. ಮೊದಲ ಸಾಲಿನ ಹುಡುಗಿಯೊಬ್ಬಳು ಕಣ್ಣು ಮುಚ್ಚುವ ಮೊದಲೇ ಆಮೆನ್ ಬಂದುಬಿಟ್ಟಿತು.

ಆಮೇಲೆ ಡ್ವೈಟ್ ನಗುತ್ತ ಹತ್ತಿರ ಬಂದ. "ಪ್ರೊಫೆಸರ್, ನೀವು ನನ್ನ ಮಾನ ಕಳೆದ್ರಿ. ಮೊನ್ನೆ ಮನೆಗೆ ಹೋದಾಗ ಪ್ರಬಂಧ ಊಟದ ಮೇಜಿನ ಮೇಲಿಟ್ಟಿದ್ದೆ, ಅಪ್ಪ ಓದ್ಬಿಟ್ರು. ನಿಮ್ಮ ಸಾಲು ಹರಿದಿಟ್ಕೊಂಡು ಅಡುಗೆಮನೆ ಕ್ಯಾಲೆಂಡರ್ ಪಕ್ಕ ಅಂಟ್ಸಿದಾರೆ. ಅಣ್ಣ ಬೇರೆ ನನ್ನನ್ನ ಆಡ್ಕೊಳ್ತಿದಾನೆ, ನಿನ್ನ ಓದಿಗೆ ಬೆಂಕಿ ಬಿತ್ತು ನೋಡು ಅಂತ."

ಇವನ ಅಪ್ಪ ಸೈಬ್ರನ್ ವೈಬೆಂಗಾ ನಮ್ಮ ಚರ್ಚಿನ ಹಿರಿಯರಲ್ಲೊಬ್ಬ, ಕಾಲೇಜಿನ ಆಡಳಿತ ಮಂಡಳಿಯಲ್ಲೂ ಇದ್ದಾನೆ. ಒಂದು ಓಟು ಗಿಟ್ಟಿತು ಎಂದು ಎಲ್ಡನ್‌ಗೆ ಫೋನ್ ಮಾಡಿ ಹೇಳಿದೆ. "ಬರೆದದ್ದು ಎಲ್ಲಿಗೆ ಬಂತು?" ಎಂದ. ಎರಡನೆಯ ಕರಡಿನಲ್ಲಿದ್ದೇನೆ ಎಂದು ಸುಳ್ಳು ಹೇಳಿದೆ.

ಅಕ್ಟೋಬರ್ 22, ಭಾನುವಾರ

ಆರಾಧನೆ ಶುರುವಾಗುವ ಮೊದಲೇ ಪಾದ್ರಿ ಮುಂದೆ ಬಂದು ನಿಂತು ಹೇಳಿದರು. ವೈಬೆಂಗಾರ ಹಿರಿಯ ಮಗ ಮಾರ್ಲಿನ್ ನಿನ್ನೆ ಸಂಜೆ ತಗಡಿನ ದೊಡ್ಡ ಕಣಜದೊಳಗೆ ಕಾಳಿನಲ್ಲಿ ಮುಳುಗಿ ತೀರಿಕೊಂಡ. ಇಪ್ಪತ್ತಾರು ವರ್ಷ.

ಈ ಸಲ ಮಳೆ ಬಿಡದೆ ಮೆಕ್ಕೆಜೋಳ ಒದ್ದೆಯಾಗಿಯೇ ಕಣಜ ಸೇರಿತ್ತು. ಅದು ಒಳಗೇ ಕಾವೇರತೊಡಗಿತ್ತಂತೆ. ಭಾನುವಾರ ಮುಟ್ಟುವಂತಿಲ್ಲ, ಸೋಮವಾರದವರೆಗೆ ಬಿಟ್ಟರೆ ಪೂರ್ತಿ ಕೊಳೆಯುತ್ತದೆ ಎಂದು ಶನಿವಾರವೇ ಹೊರಗೆಳೆಯಲು ಶುರು ಮಾಡಿದ್ದಾರೆ. ಮೇಲಿನ ಜೋಳ ಹೆಪ್ಪುಗಟ್ಟಿ ಇಳಿಯಲಿಲ್ಲ. ಕೆಳಗೆ ಕಾಳು ಸೆಳೆಯುವ ಯಂತ್ರ ತಿರುಗುತ್ತಿರುವಾಗಲೇ ಅವನು ಉದ್ದನೆಯ ಕೋಲು ಹಿಡಿದು ಒಳಗಿಳಿದು ಹೆಪ್ಪು ಒಡೆಯಲು ಹೋಗಿದ್ದಾನೆ. ಜೋಳ ಅವನನ್ನು ಎಳೆದುಕೊಂಡಿತು. ಯಂತ್ರ ನಿಲ್ಲಿಸಿ ತಗಡು ಕೊಯ್ದು ಹೊರತೆಗೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡ್ವೈಟ್ ಆಗ ಇಲ್ಲಿ ವಿದ್ಯಾರ್ಥಿನಿಲಯದಲ್ಲಿದ್ದ.

ಯಾರೂ ಹಾಡಲಿಲ್ಲ, ಬರೀ ಆರ್ಗನ್ ನುಡಿಯಿತು. ಪ್ರವಚನದ ಹೊತ್ತಿಗೆ ಚೀಪಲು ಆರ್ಲೀನ್ ಎಂದಿನಂತೆ ಪೆಪ್ಪರ್‌ಮಿಂಟ್ ಕೊಟ್ಟಳು. ಕೈಯಲ್ಲೇ ಹಿಡಿದುಕೊಂಡಿದ್ದೆ, ಮನೆಗೆ ಬರುವಷ್ಟರಲ್ಲಿ ಕರಗಿ ಅಂಗೈಗೆಲ್ಲ ಅಂಟಿತ್ತು.

ಅಕ್ಟೋಬರ್ 24, ಮಂಗಳವಾರ

ಮಣ್ಣು ಮಾಡಿ ಬಂದೆವು. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಹಂದಿಮಾಂಸ ಇಟ್ಟ ಬನ್ನು. ನಾನು ಸಾಲಿನಲ್ಲಿ ನಿಂತು ಸೈಬ್ರನ್‌ನ ಕೈ ಹಿಡಿದೆ. ಕುಳ್ಳ ಮನುಷ್ಯ, ಹಲಗೆಯಂಥ ಕೈ. ಬಿಡಲಿಲ್ಲ.

"ಪ್ರೊಫೆಸರೇ, ನಿಮಗೊಂದು ಮಾತು ಹೇಳ್ಬೇಕಿತ್ತು. ನೀವು ಬರೆದದ್ದು ಸರಿ. ನಮ್ಮದು ಅಭ್ಯಾಸ ಅಲ್ಲ, ತತ್ವ. ನನ್ನ ಮಗ ಅದನ್ನ ಉಳಿಸ್ಕೊಂಡ."

ಹಿಂದೆ ನಿಂತವರಿಗೂ ಕೇಳಿಸಿತು. ಒಬ್ಬಾಕೆ ಕಣ್ಣೊರೆಸಿಕೊಂಡಳು. "ದೇವರು ನಿಮಗೆ ಬಲ ಕೊಡಲಿ" ಎಂದೇನೋ ಹೇಳಿದೆ. ಬನ್ನನ್ನು ಜೇಬಿನಲ್ಲಿಟ್ಟುಕೊಂಡು ಬಂದು ಮನೆಯ ಹಿಂದೆ ಎಸೆದೆ.

ಅಕ್ಟೋಬರ್ 25

ಏನೂ ಬರೆಯಲಾಗುತ್ತಿಲ್ಲ.

ಅಕ್ಟೋಬರ್ 26

ನಾನು ಆ ಸಾಲನ್ನು ಬರೆಯದಿದ್ದರೂ ಅವರು ಭಾನುವಾರ ಕೆಲಸ ಮಾಡುತ್ತಿರಲಿಲ್ಲ. ನೂರು ವರ್ಷದಿಂದ ಈ ಜನ ಮಾಡಿಲ್ಲ. ಇದು ಸರಿಯಾದ ವಾದ, ಎಲ್ಲೂ ಬಿರುಕಿಲ್ಲ. ಬೆಳಿಗ್ಗೆಯಿಂದ ಹತ್ತು ಸಲ ಹೇಳಿಕೊಂಡೆ.

ನವೆಂಬರ್ 1, ಬುಧವಾರ

ಡ್ವೈಟ್ ತರಗತಿಗೆ ಬಂದ. ಹಿಂದಿನ ಸಾಲಿನಲ್ಲಿ ಕೂತ. ಪ್ರಾರ್ಥನೆಗೆ ನಿಂತೆ, ಬಾಯಿ ತೆರೆದೆ, ಪದಗಳೇ ಬರಲಿಲ್ಲ. ಮೂವತ್ತೊಂದು ವರ್ಷದಿಂದ ದಿನಾ ಹೇಳುವ ಪದಗಳು. ಎಲ್ಲರೂ ತಲೆ ತಗ್ಗಿಸಿಕೊಂಡು ಕಾದರು. ಎಷ್ಟು ಹೊತ್ತಾಯಿತೋ. ಕೊನೆಗೆ ಯಾರೋ ಮೆಲ್ಲಗೆ ಆಮೆನ್ ಎಂದರು, ಕೂತೆವು.

ಪಾಠ ಮುಗಿದ ಮೇಲೆ ಅವನನ್ನು ಕೋಣೆಗೆ ಕರೆದು, ಪ್ರಬಂಧಗಳಿಗೆ ಇನ್ನಷ್ಟು ಸಮಯ ಕೊಡುತ್ತೇನೆಂದೆ.

"ಬೇಡ ಪ್ರೊಫೆಸರ್. ಬರೆದಾಯ್ತು."

ಎರಡು ಪುಟ ಕೊಟ್ಟು ಹೋದ. ತತ್ವ ಬಾಗಬಾರದು, ಬಾಗಿದರೆ ಅದು ತತ್ವವಲ್ಲ ಎಂದು ನನ್ನ ಮಾತನ್ನೇ ಹಿಗ್ಗಿಸಿ ಬರೆದಿದ್ದಾನೆ. ಎರಡು ಪುಟದಲ್ಲಿ ಒಂದು ಪ್ರಶ್ನೆಯಿಲ್ಲ. ಎರಡು ತಿಂಗಳಿಂದ ನನ್ನನ್ನು ಒಂದು ಗಂಟೆಯೂ ಸುಮ್ಮನೆ ಕೂರಲು ಬಿಡದ ಹುಡುಗ. ಅಂಚಿನಲ್ಲಿ ಏನೂ ಬರೆಯಲು ಕೈ ಏಳಲಿಲ್ಲ.

ನವೆಂಬರ್ 11, ಶನಿವಾರ

ಮಧ್ಯಾಹ್ನ ಸುಮ್ಮನೆ ಕಾರು ಓಡಿಸುತ್ತ ಹೋದೆ. ವೈಬೆಂಗಾರ ಅಂಗಳದಲ್ಲಿ ಹೋಗಿ ನಿಂತಿತು. ಸೈಬ್ರನ್ ಒಬ್ಬನೇ ಕೊಟ್ಟಿಗೆ ಬಳಿಯುತ್ತಿದ್ದ. ಬಂದಿರಾ ಎನ್ನಲಿಲ್ಲ, ಯಾಕೆ ಬಂದಿರಿ ಎಂದೂ ಕೇಳಲಿಲ್ಲ. ಇನ್ನೊಂದು ಸಲಿಕೆ ಗೋಡೆಗೆ ಒರಗಿಸಿತ್ತು. ಅದು ಯಾರದೆಂದು ನಾನೂ ಕೇಳಲಿಲ್ಲ. ಎರಡು ಗಂಟೆ ಸಗಣಿ ಎತ್ತಿದೆ.

"ನಿಮಗೆ ಸಲಿಕೆ ಹಿಡಿಯೋಕೇ ಬರಲ್ಲವಲ್ಲ," ಎಂದ ಸೈಬ್ರನ್. "ಬೆನ್ನಿಂದ ಎತ್ತಬೇಡಿ, ಕಾಲಿಂದ ಎತ್ತಿ."

ಸೊಂಟ ಹಿಡಿದುಕೊಂಡಿದೆ. ಆರ್ಲೀನ್ ಎಣ್ಣೆ ತಿಕ್ಕುತ್ತ, "ಸಗಣಿ ಎತ್ತೋ ವಯಸ್ಸಾ ಇದು?" ಎಂದು ಬೈದಳು. ಯಾಕೆ ಹೋದೆ ಎಂದು ಹೇಳಲು ಹೊರಟೆ, ನನಗೇ ಗೊತ್ತಿರಲಿಲ್ಲ.

ನವೆಂಬರ್ 20, ಸೋಮವಾರ

ಎಲ್ಡನ್ ಬಾಗಿಲಲ್ಲೇ ನಿಂತು ಹೇಳಿದ. ಒಳ್ಳೆಯ ಸುದ್ದಿ.

"ನಿನ್ನ ದೋಣಿ ದಡ ಸೇರ್ತು ಬಿಡು. ಸೈಬ್ರನ್ ವೈಬೆಂಗಾ ಎದ್ದು ನಿಂತು ತತ್ವಶಾಸ್ತ್ರದ ಪರ ಮಾತಾಡ್ತಾರಂತೆ. ಮಗನ ವಿಷಯ ಹೇಳ್ತಾರಂತೆ. ಆ ಮನುಷ್ಯ ಮಾತಾಡಿದ್ರೆ ಯಾವನು ವಿರುದ್ಧ ಕೈ ಎತ್ತುತ್ತಾನೆ? ನೀನು ಆ ಒಂದು ಪುಟ ಕೊಟ್ಬಿಡು, ಅಷ್ಟೇ."

ಎಲ್ಡನ್ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೂತೆ. ಮಾರ್ಲಿನ್ ಸತ್ತದ್ದರಿಂದ ನನ್ನ ವಿಭಾಗ ಉಳಿಯುತ್ತದೆ.

ನವೆಂಬರ್ 24, ಶುಕ್ರವಾರ

ಆರ್ಲೀನ್‌ಗೆ ಎಲ್ಲ ಹೇಳಿದೆ. ಆ ಸಾಲು ನನ್ನ ನಂಬಿಕೆಯಲ್ಲವೆಂದು, ಭಾನುವಾರ ಬರೆದದ್ದೆಂದು. ಹೆಣಿಗೆ ಕೆಳಗಿಟ್ಟು ಕೇಳಿದಳು.

"ಅದನ್ನ ಸೈಬ್ರನ್ ಹತ್ರ ಹೇಳ್ಬೇಕು ಅಂತಿದೀಯಾ?"

"ಹ್ಞೂಂ."

"ಬೇಡ. ಆ ಮನುಷ್ಯನ ಹತ್ರ ಉಳಿದಿರೋದು ಅದೊಂದೇ. ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ಅವನ ತಲೆ ಮೇಲೆ ಹೊರಿಸ್ಬೇಡ."

"ಸುಳ್ಳಿನ ಮೇಲೆ ನಿಂತಿದಾನಲ್ಲ ಅವನು."

"ನಿಂತಿದಾನಲ್ಲ. ಅಷ್ಟು ಸಾಕು ಈಗ."

ಮದುವೆಯಾಗಿ ಮೂವತ್ತಾರು ವರ್ಷ, ವಾದದಲ್ಲಿ ಅವಳಿಗೆ ಸೋತದ್ದು ಇದೇ ಮೊದಲು. ಅಥವಾ ಹಿಂದೆಯೂ ಸೋತಿದ್ದೆನೋ, ಗಮನಿಸಿರಲಿಲ್ಲವೋ.

ನವೆಂಬರ್ 29, ಬುಧವಾರ

ಡ್ವೈಟ್‌ನನ್ನು ಕೇಳಿಯೇಬಿಟ್ಟೆ. "ನಾನು ಯಾವಾಗಲೂ ಎದುರು ಪಕ್ಷ ಹಿಡಿದು ಬರೀತೀನಿ ಅಂತ ನಿನಗೆ ಗೊತ್ತಿತ್ತಲ್ವಾ?"

"ಗೊತ್ತಿತ್ತು ಪ್ರೊಫೆಸರ್."

"ಮತ್ತೆ ಯಾಕಪ್ಪಾ ಹೀಗೆ ಬರೆದೆ? ನೀನು ಹಿಂದೆ ಹೇಳಿದ್ದೇ ಸರಿ ಇತ್ತು."

ಅವನು ಎದ್ದು ನಿಂತ. ಮುಖವೆಲ್ಲ ಕೆಂಪಾಗಿತ್ತು. "ಸರಿ ಇದ್ರೆ ಅಣ್ಣ ಯಾಕೆ ಸತ್ತ? ಸುಮ್ಮನೆ ಸತ್ತ ಅಂತ ಆಗಲ್ವಾ? ಆ ಕಾಗದ ಮನೆಗೆ ತಗೊಂಡು ಹೋದವನು ನಾನು. ನಾನಿನ್ಮೇಲೆ ಏನನ್ನೂ ಕೇಳೋದಿಲ್ಲ. ಅಪ್ಪ ಏನು ನಂಬ್ತಾರೋ ಅದನ್ನೇ ನಂಬ್ತೀನಿ. ನೀವು ದಯವಿಟ್ಟು ಪಾಠ ಮಾಡಿ."

ಇಪ್ಪತ್ತು ವರ್ಷದ ಹುಡುಗ. ಇವನಿಗೆ ಪ್ರಶ್ನೆ ಕೇಳಲು ಕಲಿಸಿದವನೂ ನಾನೇ, ಬಾಯಿಗೆ ಬೀಗ ಹಾಕಿದವನೂ ನಾನೇ. ಹೇಳದೆ ಆಗುವುದಿಲ್ಲ.

ಡಿಸೆಂಬರ್ 2, ಶನಿವಾರ

ಹೇಳಿದೆ.

ಕೊಟ್ಟಿಗೆಯ ಕೆಲಸ ಮುಗಿದಿತ್ತು. ಸೈಬ್ರನ್ ನಲ್ಲಿಯ ಹತ್ತಿರ ಬೂಟು ತೊಳೆಯುತ್ತಿದ್ದ. ನಿಂತಲ್ಲೇ ಹೇಳಿದೆ, ನನ್ನ ಧ್ವನಿ ನನಗೇ ಬೇರೆಯವರದ್ದೆನಿಸಿತು.

"ಸೈಬ್ರನ್, ಆ ಸಾಲು ನನ್ನ ಮಾತಲ್ಲ. ಹುಡುಗನ್ನ ಕೆಣಕೋಕೆ ಬರೆದದ್ದು. ಅವನು ಉಲ್ಟಾ ಬರೆದಿದ್ರೆ ನಾನೂ ಉಲ್ಟಾ ಬರೀತಿದ್ದೆ. ಕೊಳೆಯೋ ಜೋಳನ ಭಾನುವಾರ ತೆಗೆದ್ರೆ ತಪ್ಪು ಅಂತ ನಾನು ಯಾವತ್ತೂ ನಂಬಿದವನಲ್ಲ. ಇನ್ನೊಂದು ಇದೆ. ಅದನ್ನ ಬರೆದದ್ದೇ ಭಾನುವಾರ. ಚರ್ಚಿಂದ ಬಂದು, ಬಾಗಿಲು ಹಾಕ್ಕೊಂಡು."

ನಲ್ಲಿ ಹರಿಯುತ್ತಲೇ ಇತ್ತು. ಅವನು ಬೂಟಿನ ಅಂಚನ್ನು ಉಜ್ಜುತ್ತಲೇ ಇದ್ದ, ಅದು ಯಾವಾಗಲೋ ಸ್ವಚ್ಛವಾಗಿತ್ತು. ಬೈದಿದ್ದರೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಮನೆಗೆ ಹೋಗಿ ಪ್ರೊಫೆಸರೇ," ಎಂದ.

ಆರ್ಲೀನ್ ನನ್ನ ಮುಖ ನೋಡಿದೊಡನೆ ಗೊತ್ತು ಮಾಡಿಕೊಂಡಳು. ಊಟಕ್ಕೆ ಬಡಿಸಿ, ತಾನು ಉಣ್ಣದೆ ಎದ್ದು ಹೋದಳು.

ಡಿಸೆಂಬರ್ 7, ಗುರುವಾರ

ಸಭೆ ಮುಗಿಯಿತು. ಸೈಬ್ರನ್ ಬಂದಿರಲಿಲ್ಲ. ಐದು ದಿನದಿಂದ ಮನೆಯಲ್ಲಿ ಯಾರ ಹತ್ತಿರವೂ ಮಾತಾಡಿಲ್ಲವಂತೆ. ಡ್ವೈಟ್ ತರಗತಿಗೆ ಬಂದಿಲ್ಲ.

ನಾನು ಬರೆದಿದ್ದ ಗುರಿಯನ್ನು ಎಲ್ಡನ್ ಓದಿದ. ಒಂದು ಪುಟ ಕೇಳಿದ್ದರು, ಎರಡು ವಾಕ್ಯ ಕೊಟ್ಟಿದ್ದೆ: "ನಾವು ಹೇಳುವ ಮಾತನ್ನು ಯಾರಾದರೂ ನಂಬಿ ಬದುಕಬಹುದು ಎಂಬುದನ್ನು ತಿಳಿದು ಮಾತಾಡಲು ಕಲಿಯುವುದು. ಕಲಿಸುವವನೂ ಇದನ್ನು ಇನ್ನೂ ಕಲಿಯಬೇಕಿದೆ."

"ಇಷ್ಟೇನಾ?" ಎಂದರೊಬ್ಬ ಪಾದ್ರಿ. "ಇದಕ್ಕೆ ಒಂದು ಇಡೀ ವಿಭಾಗ ಬೇಕಾ?" ಎಂದ ಹಂದಿ ಸಾಕುವವನೊಬ್ಬ. ಕೆಲವರು ನಕ್ಕರು. ಒಂದು ಓಟಿನಿಂದ ಬಿದ್ದುಹೋಯಿತು. ಬರುವ ವರ್ಷದಿಂದ ತತ್ವಶಾಸ್ತ್ರ ಕಡ್ಡಾಯವಿಲ್ಲ.

"ಒಂದೇ ಒಂದು ಓಟು ವೆಂಡೆಲ್! ಆ ಮುದುಕನಿಗೆ ಏನಾಯ್ತು ಇದ್ದಕ್ಕಿದ್ದ ಹಾಗೆ?" ಎಂದು ಎಲ್ಡನ್ ಕೈ ಕೈ ಹಿಸುಕಿಕೊಂಡ. ನಾನು ಹೇಳಲಿಲ್ಲ. ಮೂವತ್ತೊಂದು ವರ್ಷದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು, ಹೊಟ್ಟೆ ಉರಿಯಬೇಕಿತ್ತು. ಸೈಬ್ರನ್ ಏನಾದರೂ ತಿಂದನೋ ಇಲ್ಲವೋ ಎಂದೇ ಯೋಚಿಸುತ್ತ ಮನೆಗೆ ನಡೆದೆ.

ಡಿಸೆಂಬರ್ 10, ಭಾನುವಾರ

ಇವತ್ತು ಪ್ರಭುಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ ಹಂಚುವ ದಿನ. ವರ್ಷಕ್ಕೆ ನಾಲ್ಕೇ ಸಲ. ಅದಕ್ಕೆ ಮೊದಲಿನ ವಾರ ಪ್ರತಿಯೊಬ್ಬರೂ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಬೇಕು. ಮನಸ್ಸಿನಲ್ಲಿ ಇತ್ಯರ್ಥವಾಗದ್ದು ಇದ್ದರೆ ರೊಟ್ಟಿ ಮುಟ್ಟಬಾರದು. ನನ್ನ ಕಾಲದಲ್ಲಿ ಹಾಗೆ ಬಿಟ್ಟವರನ್ನು ನಾನು ನೋಡಿಲ್ಲ. ಬಿಟ್ಟರೆ ಇಡೀ ಊರಿಗೆ ಗೊತ್ತಾಗುತ್ತದೆ.

ಸೈಬ್ರನ್ ಹಿರಿಯರ ಜೊತೆ ಮುಂದಿನ ಸಾಲಿನಲ್ಲಿ ಕೂತಿದ್ದ. ಕಪ್ಪು ಕೋಟಿನಲ್ಲಿ ಇನ್ನೂ ಕುಳ್ಳಗಾಗಿ ಕಂಡ. ರೊಟ್ಟಿಯ ತಟ್ಟೆ ಹಿಡಿದು ಸಾಲು ಸಾಲಿಗೂ ಕೊಟ್ಟು ಬಂದ. ಕೊನೆಗೆ ಪಾದ್ರಿ ಹಿರಿಯರಿಗೆ ತಟ್ಟೆ ಚಾಚಿದಾಗ ತಲೆ ಅಲ್ಲಾಡಿಸಿ ಪಕ್ಕದವನಿಗೆ ದಾಟಿಸಿಬಿಟ್ಟ. ಸೈಬ್ರನ್‌ನ ಹೆಂಡತಿ ಮುಖ ಮುಚ್ಚಿಕೊಂಡಳು. ನಾನೂ ಮುಟ್ಟಿರಲಿಲ್ಲ. ನನ್ನನ್ನು ಗಮನಿಸಿದವಳು ಆರ್ಲೀನ್ ಒಬ್ಬಳೇ.

ಹೊರಗೆ ಕಾರುಗಳ ಮಧ್ಯೆ ಅವನು ನನ್ನನ್ನು ಕಾಯುತ್ತ ನಿಂತಿದ್ದ. ಜನ ದೂರದಿಂದಲೇ ಬಳಸಿಕೊಂಡು ಹೋದರು.

"ಪ್ರೊಫೆಸರೇ, ಆ ಶನಿವಾರ ಮಾರ್ಲಿನ್ ಒಪ್ಪಿರ್ಲಿಲ್ಲ. 'ಅಪ್ಪ, ಯಂತ್ರ ನಿಲ್ಸೋಣ, ಕತ್ತಲಾಗ್ತಿದೆ, ನಾಳೆ ಚರ್ಚಿಂದ ಬಂದು ತೆಗೀತೀನಿ' ಅಂದ. ನಾನು ಒಳಗೆ ಹೋಗಿ ನಿಮ್ಮ ಕಾಗದ ಕಿತ್ಕೊಂಡು ಬಂದು ಅಂಗಳದಲ್ಲಿ ನಿಂತು ಓದಿದೆ. ಎರಡು ಸಲ. ಇದನ್ನ ನಾನು ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ."

ಅವನು ತಲೆಯ ಮೇಲಿನ ಟೋಪಿ ತೆಗೆದ.

"ಅಷ್ಟು ಓದಿದ ನೀವು ಹೇಳಿದ್ದು, ದೇವರೇ ಹೇಳಿದ ಹಾಗೆ ಅಂದ್ಕೊಂಡಿದ್ದೆ. ನೀವು ಅಲ್ಲ ಅಂದ್ರಿ. ಈಗ ಅದನ್ನ ಹೇಳಿದವನು ನಾನೊಬ್ಬನೇ ಉಳಿದೆ." ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ. "ನೀವು ಯೋಚನೆ ಮಾಡೋದೇ ಕಸುಬು ಮಾಡ್ಕೊಂಡಿರೋರು. ಹೇಳಿ. ನನಗೆ ತಿಳಿಸಿದ್ದು ಒಳ್ಳೇದಾಯ್ತಾ?"

"ಗೊತ್ತಿಲ್ಲ ಸೈಬ್ರನ್," ಎಂದೆ. "ನನಗೆ ನಿಜವಾಗ್ಲೂ ಗೊತ್ತಿಲ್ಲ."

ಅವನು ತಲೆಯಾಡಿಸಿದ. ಆಮೇಲೆ ತನ್ನ ಟ್ರಕ್ಕಿನ ಬಾಗಿಲು ತೆಗೆದು, "ದನಕ್ಕೆ ಮೇವು ಹಾಕ್ಬೇಕು. ಭಾನುವಾರ ಆದ್ರೂ ಅದು ಬಿಡೋ ಹಾಗಿಲ್ಲ. ಬರ್ತೀರಾ?" ಎಂದ.

ಹೆಂಡತಿಯರಿಬ್ಬರೂ ನಮ್ಮ ಕಾರಿನಲ್ಲಿ ಬಂದರು. ನಾವು ಭಾನುವಾರದ ಕೋಟಿನಲ್ಲೇ ಮೇವು ಹಾಕಿದೆವು, ನೀರು ಬಿಟ್ಟೆವು. ಡ್ವೈಟ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ. ಆಮೇಲೆ ಹೊರಗೆ ಬಂದು ಅಪ್ಪನ ಕೈಯಿಂದ ಬಕೆಟ್ ತೆಗೆದುಕೊಂಡ. ನನ್ನ ಹತ್ತಿರ ಮಾತಾಡಲಿಲ್ಲ.

ಕೆಲಸ ಮುಗಿದ ಮೇಲೆ ಸೈಬ್ರನ್ ಕಣಜದ ಕಡೆ ನಡೆದ, ನಾನೂ ಹೋದೆ. ಏಣಿಯ ಮೊದಲ ಮೆಟ್ಟಿಲ ಮೇಲೆ ಕೈಯಿಟ್ಟ.

"ಇಲ್ಲಿ ನಿಂತಿದ್ದ. ಕಾಗದ ಓದಿದ ಮೇಲೆ ಸಿಟ್ಟು ಮಾಡ್ಕೊಳ್ಲಿಲ್ಲ ನೋಡಿ. ನಕ್ಕ. 'ಸರಿ ಅಪ್ಪ, ನೀನೇ ಗೆದ್ದೆ' ಅಂದು ಹತ್ತಿದ."

ಹೇಳಿ ಮುಗಿಸುವಷ್ಟರಲ್ಲಿ ಅವನು ಅಳತೊಡಗಿದ್ದ. ನಾನು ಅವನ ಪಕ್ಕದಲ್ಲಿ ನಿಂತುಕೊಂಡೆ.